ಚಿತ್ರಕ್ಕೆ ಹಾಕಿದ ಮೂರು ನೀರು

ಸಿರುಗುಪ್ಪದ ಮನೆಗೆ ನಾನು ಎರಡನೆಯ ಸಂಬಂಧವಾಗಿ ಹೋದೆ. ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು, ನನ್ನ ತಂದೆ ತೀರಿಕೊಂಡು ಒಂದು ವರ್ಷ. ತಂದೆಯಿಲ್ಲದ, ಕಾನ್ವೆಂಟಿನಲ್ಲಿ ಓದಿ ಇಪ್ಪತ್ತು ದಾಟಿದ ಹುಡುಗಿಯನ್ನು ಕೇಳಿಕೊಂಡು ಬರುವವರು ಎಂಥವರೆಂದು ಬಳ್ಳಾರಿಯಲ್ಲಿದ್ದ ನಮ್ಮ ಸೋದರಮಾವನಿಗೆ ಚೆನ್ನಾಗಿ ಗೊತ್ತಿತ್ತು. ಬಂದವರಲ್ಲಿ ಇವರು ಮೆತ್ತಗೆ ಮಾತಾಡುವವರು, ಹೈಸ್ಕೂಲಿನಲ್ಲಿ ಮೇಷ್ಟ್ರು. ಮೊದಲ ಹೆಂಡತಿ ಎರಡು ವರ್ಷದ ಕೆಳಗೆ ಸಿಡುಬಿನಲ್ಲಿ ಹೋಗಿದ್ದಳು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಎಂಟು ವರ್ಷ, ಸಣ್ಣವಳಿಗೆ ಐದು.

ಮಕ್ಕಳು ನನ್ನನ್ನು ಚಿಗವ್ವ ಎಂದು ಕರೆದರು. ಅತ್ತೆ ಹಾಗೆ ಹೇಳಿಕೊಟ್ಟಿದ್ದರು. ಸಣ್ಣವಳು ವಾರದೊಳಗೆ ನನ್ನ ಸೆರಗು ಹಿಡಿದಳು. ದೊಡ್ಡವಳು ಹೇಳಿದ ಕೆಲಸ ಮಾಡುವಳು, ಬಡಿಸಿದ್ದನ್ನು ಉಣ್ಣುವಳು, ಆಮೇಲೆ ಹೋಗಿ ಪಡಸಾಲೆಯ ಕಂಬಕ್ಕೆ ಒರಗಿ ನಿಲ್ಲುವಳು. ಆ ಕಂಬದಲ್ಲಿ ಅವಳ ತಲೆಯ ಎತ್ತರಕ್ಕೆ ಎಣ್ಣೆ ಹತ್ತಿ ಕಪ್ಪಗಾಗಿತ್ತು.

ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತಿದ್ದೆ. ನನಗೆ ಬೆನ್ನು ಮಾಡಿ ಕೂತವಳು ಇದ್ದಕ್ಕಿದ್ದಂತೆ ಕೇಳಿದಳು.

“ಚಿಗವ್ವ, ನಮ್ಮವ್ವನ ಮಾರಿ ಹೆಂಗಿತ್ತು?”

ನಾನು ಅವಳ ತಾಯಿಯನ್ನು ನೋಡಿದವಳೇ ಅಲ್ಲ. “ನಿನಗ ನೆನಪಿಲ್ಲೇನವ್ವ?”

“ಸೀರಿ ನೆನಪೈತಿ. ಬಳಿ ಸಪ್ಪಳ ನೆನಪೈತಿ. ರೊಟ್ಟಿ ಬಡಿಯೋ ಕೈ ನೆನಪೈತಿ. ಮಾರಿ ನೆನಸಾಕ ಹೋದ್ರ…”

“ಹೋದ್ರ?”

“ಹೇನು ಐತೇನು ನೋಡು, ಕಡೀತೈತಿ.”

ಮಗು ತಾಯಿಯ ಮುಖವನ್ನು ಮರೆಯುತ್ತಿದೆ ಎಂದುಕೊಂಡೆ. ಅರ್ಧಕ್ಕೆ ನಿಲ್ಲಿಸಿದ ಆ ಮಾತನ್ನು ಇನ್ನೊಮ್ಮೆ ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆದದ್ದು ನನ್ನ ಬಣ್ಣದ ಪೆಟ್ಟಿಗೆ.

ಅದನ್ನು ಕೊಟ್ಟವರು ಕಾನ್ವೆಂಟಿನಲ್ಲಿ ಚಿತ್ರ ಕಲಿಸುತ್ತಿದ್ದ ವಯಸ್ಸಾದ ಸಿಸ್ಟರ್. ನಾವು ಅವರ ಬಳಿ ಕಲಿತದ್ದು ಯುದ್ಧದ ಕಾಲದಲ್ಲಿ. ಹಡಗುಗಳು ಬರುತ್ತಿರಲಿಲ್ಲ, ಬಣ್ಣದ ಟ್ಯೂಬುಗಳೂ ಬರುತ್ತಿರಲಿಲ್ಲ. ಇದ್ದ ಟ್ಯೂಬುಗಳನ್ನು ಅವರು ಅಡುಗೆಮನೆಯ ಲಟ್ಟಣಿಗೆಯಿಂದ ಒತ್ತಿ ಒತ್ತಿ ಕಡೆಯ ಹನಿಯನ್ನೂ ತೆಗೆಯುತ್ತಿದ್ದರು. ಅಷ್ಟು ಜತನದವರು ಹಚ್ಚುವಾಗ ಮಾತ್ರ ಜಿಪುಣತನ ಮಾಡುತ್ತಿರಲಿಲ್ಲ. ನಾವು ಹುಡುಗಿಯರು ಬಣ್ಣವನ್ನು ಸವರಿ ಸವರಿ ನುಣ್ಣಗೆ ಮಾಡಿದರೆ ಪುಸ್ತಕದ ಕನ್ನಡದಲ್ಲಿ ಬೈಯುವರು: “ಮಗು, ಇದು ಕೆನ್ನೆಗೆ ಪೌಡರ್ ಹಚ್ಚುವ ಕೆಲಸವಲ್ಲ. ನಿನ್ನ ಕೈ ಎಲ್ಲಿ ಹೋಯಿತು? ನನಗೆ ಕಾಣುತ್ತಿಲ್ಲ.” ತಮ್ಮ ಚಿತ್ರವನ್ನು ಕಿಟಕಿಯ ಬೆಳಕಿಗೆ ವಾರೆಯಾಗಿ ಹಿಡಿದು ತೋರಿಸುವರು. ಬಣ್ಣ ಸಣ್ಣ ಸಣ್ಣ ಏರುಗಳಾಗಿ ಎದ್ದು, ಬ್ರಷ್ಷಿನ ಒಂದೊಂದು ಕೂದಲ ಗೆರೆಯೂ ಕಾಣುತ್ತಿತ್ತು. ಇಲ್ಲಿ ಅವಸರ ಮಾಡಿದೆ, ಇಲ್ಲಿ ನಿಂತು ಯೋಚಿಸಿದೆ, ಇಲ್ಲಿ ಊಟದ ಗಂಟೆ ಹೊಡೆಯಿತು ಎಂದು ಬೆರಳಿಟ್ಟು ಹೇಳುವರು. ನನಗೆ ಅದಕ್ಕಿಂತ ದೊಡ್ಡ ವಿದ್ಯೆ ಇನ್ನೊಂದಿಲ್ಲ ಎನಿಸಿತ್ತು.

ಪೆಟ್ಟಿಗೆ ತೆಗೆದಾಗ ಅತ್ತೆ ಬ್ರಷ್ಷನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

“ಇದು ಯಾವುದರ ಕೂದ್ಲವ್ವ, ಇಷ್ಟು ಬಿರುಸೈತಿ?”

ಅದು ಹಂದಿಯ ಕೂದಲು. “ಕುದುರಿದು ಅತ್ತಿ” ಎಂದೆ.

“ಕುದುರಿದಾದ್ರ ಅಡ್ಡಿಲ್ಲ. ದೇವರ ಖೋಲಿ ಕಡಿ ಮಾತ್ರ ತರಬ್ಯಾಡ.” ಬ್ರಷ್ಷನ್ನು ಕೆಳಗಿಟ್ಟು, ಹೋಗಿ ಕೈ ತೊಳೆದುಕೊಂಡರು. ನನ್ನ ಮಾತು ನಂಬಿದರೋ ಇಲ್ಲವೋ ಇವತ್ತಿಗೂ ತಿಳಿಯದು.

ಮನೆಯಲ್ಲಿ ಸತ್ತವಳ ಒಂದು ಫೋಟೋ ಕೂಡ ಇರಲಿಲ್ಲ. ಅವಳ ತವರು ಕುರುಗೋಡು. ಅಲ್ಲಿ ಅವಳ ತಾಯಿಯ ಹತ್ತಿರ ಮದುವೆಯ ಫೋಟೋ ಒಂದಿದೆ ಎಂದು ಇವರು ಹೇಳಿದರು. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆವು. ಕುರುಗೋಡಿನ ಬಂಡೆಗಳು ಬೆಳಿಗ್ಗೆಯೇ ಕಾದಿದ್ದವು. ಆ ಮುದುಕಿ ನನ್ನನ್ನು ಒಳಗೆ ಕರೆದು ಚಾಪೆ ಹಾಸಿದರು. ಮಗಳ ಜಾಗಕ್ಕೆ ಬಂದವಳಿಗೆ ತಾವೇ ನೀರು ಕೊಡಬೇಕಾಯಿತಲ್ಲ, ಚೊಂಬನ್ನು ಚಾಪೆಯ ಪಕ್ಕದಲ್ಲಿಟ್ಟು ಫೋಟೋ ತರಲು ಎದ್ದರು.

ಫೋಟೋದಲ್ಲಿ ಮುಖವೇ ಇರಲಿಲ್ಲ ಎನ್ನಬೇಕು. ಬಾಸಿಂಗ ಹಣೆಯನ್ನು ಮುಚ್ಚಿತ್ತು, ನಾಚಿ ತಲೆ ತಗ್ಗಿಸಿದ್ದಳು, ಗದ್ದದ ಕೆಳಗೆ ಹೂವಿನ ಹಾರ. ಮುದುಕಿಯೇ ಉಳಿದದ್ದನ್ನು ಹೇಳಿದರು. ಸಣ್ಣವಳನ್ನು ಎಳೆದು ಕೂರಿಸಿಕೊಂಡು, ನನ್ನ ಬೆರಳನ್ನು ಹಿಡಿದು ಅವಳ ಹುಬ್ಬಿನ ಮೇಲೆ ಎಳೆಸಿದರು.

“ಹುಬ್ಬು ಇಕಿದು, ಹಿಂಗ. ಮೂಗು ನಂದು. ಗದ್ದ ಅವರಪ್ಪಂದಿತ್ತು, ನಡುವ ಒಂದೀಟು ಗುಂಡಿ. ಮಾರಿ ಮಾತ್ರ ನುಣುಪು ನೋಡು ತಂಗಿ, ಬೆಣ್ಣಿ ಹಂಗ. ಒಂದು ಕಲಿ ಇದ್ದಿಲ್ಲ. ನುಣ್ಣಗ ಬರಿ, ಆತೇನು?”

“ಆತವ್ವಾ” ಎಂದೆ. ಬಾಯಲ್ಲಿ ಆಯಿತೆಂದೆ. ಮನಸ್ಸಿನಲ್ಲಿ, ಪಾಪ, ಇವರಿಗೆ ಕ್ಯಾಲೆಂಡರಿನ ಚಿತ್ರಗಳು ಬಿಟ್ಟರೆ ಬೇರೆ ಗೊತ್ತಿಲ್ಲ ಎಂದುಕೊಂಡೆ. ದೊಡ್ಡವಳು ಹೊರಗೆ ಬಾಗಿಲ ಹೊಸ್ತಿಲಾಚೆ ನಿಂತು ಕೇಳುತ್ತಿದ್ದಳು.

ಕ್ಯಾನ್ವಾಸ್ ಎಲ್ಲಿಂದ ತರಲಿ? ಹಳೆಯ ಪೆಟ್ಟಿಗೆಯ ತೇಗದ ಮುಚ್ಚಳವೊಂದು ಅಟ್ಟದಲ್ಲಿತ್ತು. ಅದಕ್ಕೆ ಬಡಿಗೇರನ ಅಂಟಿನಲ್ಲಿ ಸೀಮೆಸುಣ್ಣದ ಪುಡಿ ಕಲಸಿ ಬಳಿದು ಒಣಗಿಸಿದೆ. ಟ್ಯೂಬಿನ ಬಣ್ಣ ಗಟ್ಟಿಯಾಗಿತ್ತು. ಗಾಣದಿಂದ ತಂದ ಅಗಸೆ ಎಣ್ಣೆ ಬೆರೆಸಿದೆ. ಇಪ್ಪತ್ತು ದಿನ, ಇವರೆಲ್ಲ ಶಾಲೆಗೆ ಹೋದ ಮೇಲೆ, ಹಿತ್ತಿಲ ಬಾಗಿಲ ಬೆಳಕಿನಲ್ಲಿ ಕೂತು ಬರೆದೆ. ನಾನು ಕಾಣದ ಹೆಂಗಸು ಅವಳು. ಅವಳ ಮೂಗನ್ನು ಅವಳ ತಾಯಿಯಿಂದ ತಂದು, ಹುಬ್ಬನ್ನು ಮಗಳಿಂದ ತಂದು, ಕಣ್ಣಿಗೆ ಯಾರೂ ಸಿಕ್ಕದೆ ಕಡೆಗೆ ದೊಡ್ಡವಳ ಕಣ್ಣನ್ನೇ ಇಟ್ಟೆ. ಕೆನ್ನೆಗೆ ಸಿಸ್ಟರ್ ಹೇಳಿಕೊಟ್ಟಂತೆ ದಪ್ಪನೆಯ ಬಣ್ಣ, ಬ್ರಷ್ಷಿನ ಚಿಕ್ಕ ಚಿಕ್ಕ ಏಟುಗಳಲ್ಲಿ, ಒಂದರ ಪಕ್ಕ ಒಂದು.

ಚಿತ್ರವನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟ ದಿನ ಇವರು ಬಹಳ ಹೊತ್ತು ನೋಡಿದರು. “ಹಣಿ ಬರೊಬ್ಬರಿ ಐತಿ” ಎಂದು ಹೊರಗೆ ಕಟ್ಟೆಗೆ ಹೋಗಿ ಕೂತರು. ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂದು ಅಲ್ಲಿ ದಿನವೂ ವಾದ; ಆ ದಿನ ಇವರ ದನಿ ಅದರಲ್ಲಿ ಕೇಳಲಿಲ್ಲ. ಅತ್ತೆ ಹತ್ತಿರ ಬಂದು ಕಣ್ಣು ಕಿರಿದು ಮಾಡಿದರು.

“ಇದ್ಯಾಕವ್ವ ಒರಟು ಬಿಟ್ಟಿ? ಇನ್ನೊಂದು ಕೈ ಎಳಿಯೋದಿತ್ತು. ಬಜಾರದಾಗ ಲಕ್ಷ್ಮಿ ಪಟ ನೋಡು, ಗಾಜಿನಂಗ ಇರ್ತಾಳ.”

ಸಣ್ಣವಳು ನಕ್ಕಳು. “ಅಜ್ಜಿ, ಗ್ವಾಡಿಗೆ ಗಾರಿ ಮಾಡಿದಂಗ ಐತಿ!”

“ಸುಮ್ಕಿರಲೇ, ನಿಮ್ಮವ್ವ ಅಕಿ.”

“ನಮ್ಮವ್ವ ಗ್ವಾಡಿ ಏನು ಮತ್ತ?”

ಎಲ್ಲರೂ ನಕ್ಕೆವು, ದೊಡ್ಡವಳೊಬ್ಬಳನ್ನು ಬಿಟ್ಟು. ಅವಳು ಕಂಬ ಬಿಟ್ಟು ಮುಂದೆ ಬಂದಿರಲಿಲ್ಲ. ಮಕ್ಕಳಿಗೆ ತಿಳಿಸಿ ಹೇಳಬೇಕು, ಹೇಳಿದರೆ ಪ್ರೀತಿ ಹುಟ್ಟುತ್ತದೆ ಎಂದು ನಾನು ಇಬ್ಬರನ್ನೂ ಅಂಗಳಕ್ಕೆ ಕರೆದುಕೊಂಡು ಹೋದೆ. ಬೆಳಿಗ್ಗೆ ಸಗಣಿಯಲ್ಲಿ ಸಾರಿಸಿದ ನೆಲ ಒಣಗಿ, ಕೈಯಾಡಿದ ಕಮಾನುಗಳು ಸಾಲಾಗಿ ಕಾಣುತ್ತಿದ್ದವು.

“ಈ ಕಡಿ ಯಾರು ಸಾರಿಸ್ಯಾರ ಹೇಳು ನೋಡೋಣು?”

“ಅಜ್ಜಿ” ಎಂದಳು ಸಣ್ಣವಳು ಥಟ್ಟನೆ. “ಅಜ್ಜಿ ಕೈ ಉದ್ದ, ದೊಡ್ಡ ಕಮಾನು. ಆ ಮೂಲ್ಯಾಗ ನೀ. ನಿಂದು ಇಷ್ಟಿಷ್ಟ, ಕೋಳಿ ಕೆದರಿದಂಗ.”

“ಕೋಳಿನ ಆಗಲಿ. ಸಾರಿಸಿದೋರು ಕಾಣದಿದ್ರೂ ಅವರ ಕೈ ಕಾಣ್ತೈತಿ, ಹೌದಿಲ್ಲೋ? ಚಿತ್ರದಾಗೂ ಹಂಗ. ಬ್ರಷ್ಷು ಹೆಂಗ ಹೋತು, ಎಲ್ಲಿ ನಿಂತು ಅನ್ನೋದು ಉಳೀತೈತಿ. ಅದನ್ನ ಅಳಿಸಬಾರ್ದು.”

ಒಳಗೆ ಕರೆತಂದು ಇಬ್ಬರ ಬೆರಳನ್ನೂ ಚಿತ್ರದ ಅಂಚಿಗೆ, ಸೀರೆಯ ಮೇಲೆ ಮೆಲ್ಲಗೆ ಮುಟ್ಟಿಸಿದೆ. “ನೋಡು, ಇದೆಲ್ಲಾ ಮ್ಯಾಲೆ ಏರಿಸಿದ್ದು. ತಳದಾಗ ಹಲಗಿ ನುಣ್ಣಗೈತಿ. ಹತ್ತಿರ ಬಂದ್ರ ಬರೇ ಗುರುತು ಕಾಣ್ತಾವು. ದೂರ ಹೋದ್ರ ಎಲ್ಲಾ ಕೂಡಿ ಮಾರಿ ಆಗ್ತೈತಿ. ಹೊಸ್ತಿಲದಾಗ ನಿಂತು ನೋಡ್ರಿ.”

ಸಣ್ಣವಳು ಓಡಿ ಹೋಗಿ ನಿಂತು, “ಹೂಂ ಚಿಗವ್ವ, ಆತು, ಆತು, ಮಾರಿ ಆತು!” ಎಂದು ಕುಣಿದಳು. ಮತ್ತೆ ಹತ್ತಿರ, ಮತ್ತೆ ದೂರ. ದೊಡ್ಡವಳು ನಾನು ಹೇಳಿದೆನೆಂದು ಹೋಗಿ ಹೊಸ್ತಿಲಲ್ಲಿ ನಿಂತಳು. ಸಂಜೆಯಾಗುತ್ತಿತ್ತು, ಅತ್ತೆ ಗೂಡಿನ ಪಕ್ಕ ದೀಪ ಹಚ್ಚಿಟ್ಟರು. ದೀಪದ ಬೆಳಕು ಒಂದು ಬದಿಯಿಂದ ಬಿದ್ದು, ಕೆನ್ನೆಯ ಒಂದೊಂದು ಏಟಿನ ಪಕ್ಕದಲ್ಲೂ ಒಂದೊಂದು ಚೂರು ನೆರಳು ಎದ್ದಿತು. ಸಿಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರು ಎಂದು ನಾನು ಹಿಗ್ಗಿದೆ.

“ಕಾಣ್ತೈತೇನವ್ವ ಮಾರಿ?” ಎಂದು ದೊಡ್ಡವಳನ್ನು ಕೇಳಿದೆ.

“ಕಾಣ್ತೈತಿ” ಎಂದಳು. ಆ ರಾತ್ರಿ ಅವಳು ಉಣ್ಣಲಿಲ್ಲ. ತಾಯಿ ನೆನಪಾಗಿರಬೇಕು, ಆಗಲಿ ಬಿಡು, ಅಳು ಬಂದರೆ ಒಳ್ಳೆಯದೇ ಎಂದು ನಾನು ಒತ್ತಾಯ ಮಾಡಲಿಲ್ಲ.

ಎರಡು ತಿಂಗಳು ಚಿತ್ರ ಗೂಡಿನಲ್ಲಿತ್ತು. ಅಗಸೆ ಎಣ್ಣೆಯ ಬಣ್ಣ ಮೇಲೆ ಒಣಗಿದರೂ ಒಳಗೆ ಹಸಿಯಾಗಿಯೇ ಇತ್ತು. ಶುಕ್ರವಾರಗಳಲ್ಲಿ ಅತ್ತೆ ಅದಕ್ಕೆ ಹೂ ಏರಿಸುತ್ತಿದ್ದರು. ದೊಡ್ಡವಳು ಪಡಸಾಲೆಯ ಕಂಬ ಬಿಟ್ಟು ಅಡುಗೆಮನೆಯ ಬಾಗಿಲಿಗೆ ನಿಲ್ಲಲು ಶುರುಮಾಡಿದ್ದಳು. ನನಗೆ ಹತ್ತಿರವಾಗುತ್ತಿದ್ದಾಳೆ ಎಂದು ನಾನು ತಿಳಿದೆ. ಅಲ್ಲಿ ನಿಂತರೆ ಗೂಡು ಕಾಣುವುದಿಲ್ಲ.

ಬೇಸಿಗೆಯಲ್ಲಿ ಎದುರು ಮನೆಯ ಸೊಸೆಗೆ ದೇವಿ ಬಂತು. ಸಿಡುಬನ್ನು ಆಗ ಯಾರೂ ಹೆಸರು ಹಿಡಿದು ಹೇಳುತ್ತಿರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಆ ಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ನಮ್ಮ ಮಕ್ಕಳನ್ನು ಆ ಕಡೆ ಬಿಡಲಿಲ್ಲ. ಪುಣ್ಯಕ್ಕೆ ಮೈಮೇಲೆ ಬಂದದ್ದು ಇಳಿಯಿತು. ಇಳಿದ ಮೇಲೆ ನೀರು ಹಾಕುವ ಪದ್ಧತಿ: ಬೇವಿನ ಸೊಪ್ಪು, ಅರಿಶಿನ ಹಾಕಿ ಬಿಸಿಲಿಗಿಟ್ಟ ನೀರನ್ನು ದಿನ ಬಿಟ್ಟು ದಿನ ಮೂರು ಸಲ ಎರೆಯುತ್ತಾರೆ. ಮೂರನೇ ನೀರಾದ ಮೇಲೆ ಹೊಸ ಸೀರೆ ಉಡಿಸಿ ಹೊರಗೆ ಕರೆಯುತ್ತಾರೆ. ಅಲ್ಲಿಯವರೆಗೆ ಕೋಣೆ ಬಿಡುವಂತಿಲ್ಲ. ಆ ಸೊಸೆ ಹಸಿರು ಸೀರೆಯುಟ್ಟು ಕಟ್ಟೆಗೆ ಬಂದು ನಿಂತದ್ದನ್ನು ನಮ್ಮ ಮಕ್ಕಳಿಬ್ಬರೂ ಕಿಟಕಿಯ ಸರಳು ಹಿಡಿದು ನೋಡಿದರು.

“ಅಜ್ಜಿ, ನಮ್ಮವ್ವಗ ಎಷ್ಟು ನೀರು ಹಾಕಿದ್ರಿ?” ಎಂದು ದೊಡ್ಡವಳು ಕೇಳಿದಳು.

ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. “ಹಾಕಾಕ ಎಲ್ಲಿ ಬಂತವ್ವ. ಇಳೀಲೇ ಇಲ್ಲಲ್ಲ.”

ಮರುದಿನ ಮಧ್ಯಾಹ್ನ ನಾನು ಹಪ್ಪಳಕ್ಕೆಂದು ಪಕ್ಕದ ಮನೆಗೆ ಹೋಗಿದ್ದೆ. ಅತ್ತೆ ಮಲಗಿದ್ದರು. ತಿರುಗಿ ಬಂದಾಗ ಮನೆಯ ತುಂಬ ಬೇವಿನ ವಾಸನೆ, ಅದರ ಹಿಂದೆ ಅಗಸೆ ಎಣ್ಣೆಯದು. ಗೂಡು ಖಾಲಿ. ಬಚ್ಚಲಲ್ಲಿ ಮಣೆ ಹಾಕಿ ಅದರ ಮೇಲೆ ಹಲಗೆಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಸಣ್ಣವಳು ತಾಮ್ರದ ಚರಿಗೆಯಿಂದ ಅರಿಶಿನದ ನೀರು ಹುಯ್ಯುತ್ತಿದ್ದಳು. ದೊಡ್ಡವಳು ಬೇವಿನ ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಕೆನ್ನೆಯ ಮೇಲೆ ಆಡಿಸುತ್ತಿದ್ದಳು. ಎಷ್ಟು ಮೆತ್ತಗೆ ಆಡಿಸುತ್ತಿದ್ದಳೆಂದರೆ, ನೋವಾದೀತೆಂದು ನಡುನಡುವೆ ಬಾಯಿಂದ ಉಫ್ ಎಂದು ಊದುತ್ತಿದ್ದಳು. ಬಿಸಿಲಿಗೆ ಕಾದ ನೀರಿಗೆ ತಳದ ಅಂಟು ಕರಗಿ, ಬಲಗೆನ್ನೆ ಪೂರಾ ಜಾರಿ ಕುತ್ತಿಗೆಗೆ ಬಂದಿತ್ತು.

ನಾನು ಕೂಗಿದೆನೆಂದು ಕಾಣುತ್ತದೆ. ಸಣ್ಣವಳ ಕೈಯಿಂದ ಚರಿಗೆ ಬಿತ್ತು. ದೊಡ್ಡವಳು ಹಲಗೆಗೆ ಅಡ್ಡ ನಿಂತಳು.

“ಬೈಬ್ಯಾಡ ಚಿಗವ್ವ. ಇದು ಮೊದಲನೇ ನೀರು.”

“ಯಾರು ಹೇಳಿದ್ರು ಹಿಂಗ ಮಾಡಂತ?”

“ಮಾರಿ ತುಂಬ ಗುಳ್ಳಿ ಎದ್ದಿದ್ದುವು ಚಿಗವ್ವ. ದೀಪ ಹಚ್ಚಿದ್ರ ಇನ್ನಾ ಜಾಸ್ತಿ ಕಾಣ್ತಿದ್ದುವು. ಆ ದಿನ ಹೊಸ್ತಿಲದಾಗ ನಿಂತು ಕಂಡಾಗೂ ಹಿಂಗ ಇದ್ದಳು.”

“ಯಾವ ದಿನ?”

“ನಮ್ಮವ್ವ ಹೋದ ದಿನ. ಒಳಗ ಬಿಡಲಿಲ್ಲ. ಬಾಗಿಲಾಗಿಂದ ನೋಡು ಅಂದ್ರು.”

ತಲೆ ಬಾಚುವಾಗ ಅವಳು ನುಂಗಿಕೊಂಡ ಮಾತು ಅದಾಗಿತ್ತು. ಮುಖ ಮರೆತಿರಲಿಲ್ಲ, ಆ ಒಂದು ಮುಖ ಬಿಟ್ಟು ಬೇರೆ ಯಾವುದೂ ಬರುತ್ತಿರಲಿಲ್ಲ. ಅದನ್ನೇ ನಾನು ದಪ್ಪನೆಯ ಬಣ್ಣದಲ್ಲಿ, ಇಪ್ಪತ್ತು ದಿನ ಕೂತು, ಅವಳದೇ ಕಣ್ಣಿಟ್ಟು ಬರೆದು ಮನೆಯ ನಡುವೆ ಇಟ್ಟಿದ್ದೆ. ಅದೇ ಹೊಸ್ತಿಲಿನಲ್ಲಿ ನಿಂತು ನೋಡು ಎಂದಿದ್ದೆ.

“ನನಗ ಹೇಳಬಾರದಿತ್ತೇನವ್ವ, ಹಿಂಗ ಕಾಣ್ತೈತಿ ಅಂತ?”

“ನೀ ಖುಷಿಯಾಗಿದ್ದಿ. ಮತ್ತ ನೀನ ಅಂದಿದ್ದಿ, ಎಲ್ಲಾ ಮ್ಯಾಲೆ ಏರಿಸಿದ್ದು, ತಳದಾಗ ನುಣ್ಣಗೈತಿ ಅಂತ. ಅದಕ್ಕ ನೀರು ಹಾಕಿದ್ರ ಇಳೀತಾವು ಅನ್ಕೊಂಡೆ” ಎಂದಳು.

ನನ್ನ ಕೂಗಿಗೆ ಎದ್ದು ಬಂದ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರು ಬೈಯುತ್ತಾರೆಂದು ಕಾದೆ. “ಚಿತ್ರಕ್ಕ ನೀರು ಹಾಕೋದು ಯಾವ ಊರಾಗೈತಿ?” ಎಂದೇನೋ ಅಂದರು, ಮಾತು ಪೂರ್ತಿಯಾಗುವಷ್ಟರಲ್ಲಿ ಸೆರಗು ಬಾಯಿಗೆ ಹೋಗಿತ್ತು.

ಸಂಜೆ ಇವರು ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇನ್ನಾ ಅರ್ಧ ಐತಿ. ಸರಿ ಮಾಡಾಕ ಬರ್ತದಲ್ಲ ನಿನಗ?” ಎಂದು ಕೇಳಿದರು. ಬರುತ್ತಿತ್ತು. ಎಡಗಣ್ಣು ಉಳಿದಿತ್ತು, ಹಣೆ ಉಳಿದಿತ್ತು. ನುಣ್ಣಗೆ, ಕುರುಗೋಡಿನ ಮುದುಕಿ ಹೇಳಿದ ಹಾಗೆಯೇ, ಬೆಣ್ಣೆಯ ಹಾಗೆ ಮಾಡಬಹುದಿತ್ತು. ನಾನು ಅದನ್ನೇ ಯೋಚಿಸುತ್ತ ಕೂತಿದ್ದಾಗ ದೊಡ್ಡವಳು ಬಂದು ನನ್ನ ಮಗ್ಗುಲಿಗೆ ಕೂತಳು. ಮೊದಲ ಸಲ ಅಷ್ಟು ಹತ್ತಿರ ಕೂತಿದ್ದಳು. ಅವಳ ಬೆರಳ ಸಂದಿಯಲ್ಲಿ ಗುಲಾಬಿ ಬಣ್ಣ ಹತ್ತಿತ್ತು.

“ಎರಡನೇ ನೀರು ನಾಡಿದ್ದಲ್ಲ ಚಿಗವ್ವ?”

ಒಂದು ನೀರು ಹಾಕಿ ನಿಲ್ಲಿಸುವಂತಿಲ್ಲ. ಅದು ಇಡೀ ಊರಿಗೆ ಗೊತ್ತಿದ್ದ ಮಾತು. ನಾನು ಇವರ ಮುಖ ನೋಡಿದೆ, ಆಮೇಲೆ ಹಲಗೆ ನೋಡಿದೆ.

“ಹೌದವ್ವ, ನಾಡಿದ್ದು” ಎಂದೆ.

ಆ ದಿನ ಬೇವಿನ ಸೊಪ್ಪನ್ನು ಅತ್ತೆಯೇ ಹೇಳದೆ ಕೇಳದೆ ಕಿತ್ತು ತಂದರು. ಅರಿಶಿನ ನಾನು ಕಲಸಿದೆ. ಬಿಸಿಲಿಗಿಟ್ಟ ನೀರಿನಲ್ಲಿ ಕೈಯಾಡಿಸಿ ಹದ ನೋಡಿದೆ, ಬಾಣಂತಿಗೆ ನೋಡುವ ಹಾಗೆ. ದೊಡ್ಡವಳು ಎಲೆ ಆಡಿಸಿದಳು, ನಾನು ನೀರು ಹುಯ್ದೆ. ಮೂಗು ಹೋಯಿತು, ಬಾಯಿ ಹೋಯಿತು. ನನ್ನ ಕೈ ಅವಸರ ಮಾಡಿದ ಜಾಗ, ನಿಂತು ಯೋಚಿಸಿದ ಜಾಗ, ನನಗೆ ಎಲ್ಲವೂ ಗುರುತಿತ್ತು; ಒಂದೊಂದಾಗಿ ಎದ್ದು ಬಚ್ಚಲ ತೂಬಿಗೆ ಹೋದವು. ಮತ್ತೆ ಒಂದು ದಿನ ಬಿಟ್ಟು ಮೂರನೇ ನೀರು. ಆ ದಿನ ಇವರು ಶಾಲೆಗೆ ಬೇಗ ಹೋದರು. ಗಟ್ಟಿಯಾಗಿ ಹಿಡಿದಿದ್ದ ಎಡಗಣ್ಣು ಬಿಡುತ್ತಿರಲಿಲ್ಲ. ದೊಡ್ಡವಳು ಅದರ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನೀರು ಹುಯ್ಯಿಸಿಕೊಂಡಳು. ಕೈ ತೆಗೆದಾಗ ತೇಗದ ಗೆರೆಗಳು ಕಾಣುತ್ತಿದ್ದವು.

ಅವಳು ಹಲಗೆಯನ್ನು ತನ್ನ ಲಂಗದಲ್ಲಿ ಒರೆಸಿದಳು. ಮೇಲಿಂದ ಕೆಳಗೆ ಬೆರಳಾಡಿಸಿ ನೋಡಿದಳು.

“ಒಂದು ಕಲಿ ಉಳಿದಿಲ್ಲ ಚಿಗವ್ವ.”

“ಇಲ್ಲವ್ವ” ಎಂದೆ.

ಸಣ್ಣವಳು ಚರಿಗೆ ಕೆಳಗಿಟ್ಟು ಬಗ್ಗಿ ನೋಡಿದಳು. ಹೊಸ್ತಿಲಿಗೆ ಓಡಿ ಹೋಗಿ ಅಲ್ಲಿಂದಲೂ ನೋಡಿದಳು.

“ಅವ್ವನೂ ಇಲ್ಲ” ಎಂದಳು.

ನಾನು ಬಾಯಿ ತೆರೆಯುವ ಮೊದಲೇ ದೊಡ್ಡವಳು ಅವಳ ಕಡೆ ತಿರುಗಿದಳು.

“ಇರು ಅಂದ್ರ ಹೆಂಗಿರ್ತಾಳಲೇ? ಮೂರು ನೀರು ಆದುವು. ಹುಷಾರಾಗಿ ಹೋದ್ಲು.”